ಕಾಲಿಗೆಂದೇ ಕಟ್ಟಿದ ದಾರಿಗಳು

ಕಮಲಾಪುರದಿಂದ ತಳವಾರಘಟ್ಟಕ್ಕೆ ಹೋಗುವ ಡಾಂಬರು ರಸ್ತೆ ತುಂಗಭದ್ರಾ ಹೊಳೆ ಮುಟ್ಟುವ ಮೊದಲು ವಿಜಯನಗರ ಕಾಲದ ಹೆಬ್ಬಾಗಿಲೊಂದರ ಒಳಗಿಂದಲೇ ಹಾಯುತ್ತದೆ. ಎತ್ತು, ಕುದುರೆ, ಪಲ್ಲಕ್ಕಿ, ಕಾಲ್ನಡಿಗೆಯವರಿಗೆಂದು ಕಟ್ಟಿದ ಬಾಗಿಲು ಅದು. ಈಗ ಕಾರು, ಟ್ರ್ಯಾಕ್ಟರುಗಳು ಅಲ್ಲಿ ಒಂದಕ್ಕೊಂದು ದಾರಿ ಬಿಡಲು ಕಾಯುತ್ತವೆ. ಹಂಪಿಯ ಸುತ್ತ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಹೊಸ ದಾರಿ ಬೇಕೆಂಬ ಮಾತು ಕೇಳಿದಾಗಲೆಲ್ಲ ಈ ಬಾಗಿಲನ್ನು ನೆನೆಯಬೇಕು. ಇಲ್ಲಿ ಹೊಸದಾಗಿ ಅಗೆಯಬೇಕಾದ ದಾರಿ ಬಹಳ ಇಲ್ಲ. ಕಾಲಿಗೆಂದೇ ಮಾಡಿದ ದಾರಿಗಳ ಮೇಲೆ ಆರು ನೂರು ವರ್ಷಗಳಿಂದ ಒಂದು ಸೀಮೆಯೇ ಬದುಕಿದೆ.

ವಿಜಯನಗರದ ಸರಕು ಬಹುಪಾಲು ಹೇರೆತ್ತುಗಳ ಬೆನ್ನ ಮೇಲೆ ಬರುತ್ತಿತ್ತು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಭಟ್ಕಳದ ದಾರಿಯಲ್ಲಿ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಓಡಾಡುತ್ತಿದ್ದುದನ್ನು, ಇಪ್ಪತ್ತು ಮೂವತ್ತು ಎತ್ತಿಗೆ ಒಬ್ಬ ಆಳಿನಂತೆ ಅವನ್ನು ಹೊಡೆದುಕೊಂಡು ಹೋಗುತ್ತಿದ್ದುದನ್ನು ಬರೆದಿದ್ದಾನೆ. ಎತ್ತಿನ ಗೊರಸಿಗೆ, ಮನುಷ್ಯನ ಪಾದಕ್ಕೆ ನೆಲ ಸಪಾಟಾಗಿರಲೇಬೇಕೆಂದಿಲ್ಲ. ಬಂಡೆ ಅಡ್ಡ ಬಂದಲ್ಲಿ ಕಲ್ಲುಕುಟಿಗರು ಅದರಲ್ಲೇ ಮೆಟ್ಟಿಲು ಕಡೆದರು. ಗುಡ್ಡಗಳ ಸಂದಿಯಲ್ಲಿ ಗೋಡೆ ಎಬ್ಬಿಸಿ, ಬಾಗಿಲಿನ ಮುಂದೆ ದಾರಿಯನ್ನು ಬೇಕೆಂದೇ ತಿರುಗಿಸಿದರು. ಶತ್ರುವಿನ ಓಟ ತಡೆಯಲು ಮಾಡಿದ ಆ ತಿರುವುಗಳಲ್ಲಿ ಇಂದಿನ ಬಸ್ಸು ಸಿಕ್ಕಿಕೊಳ್ಳುತ್ತದೆ, ನಡೆಯುವವರು ಮಾತ್ರ ಸರಾಗವಾಗಿ ದಾಟುತ್ತಾರೆ.

ದೊಡ್ಡ ಬೀದಿಗಳೂ ಇದ್ದವು. ವಿಠ್ಠಲ ದೇವಸ್ಥಾನದ ಮುಂದಿನ ತೇರಿನ ಬೀದಿಯ ಅಗಲ ಸುಮಾರು 40 ಮೀಟರ್, ಉದ್ದ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಹಜಾರರಾಮ ಗುಡಿಯ ಹತ್ತಿರದ ಪಾನ್‌ಸುಪಾರಿ ಬಜಾರಿನ ಗುರುತು 2ನೇ ದೇವರಾಯ ಅಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ 1426ರ ಶಾಸನದಲ್ಲಿದೆ. 1980ರ ದಶಕದಿಂದ ಇಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ತಂಡ ನಗರದ ದಾರಿಗಳನ್ನು ನಕ್ಷೆಗೆ ತಂದಾಗ, ಅರಮನೆ ಪ್ರದೇಶದ ಹಲವು ದಾರಿಗಳು ಇದೇ ಹಜಾರರಾಮ ಗುಡಿಯ ಕಡೆಗೆ ಕೂಡುವುದು ಕಂಡಿತು. ನಗರದ ಆಚೆಗಿನ ಕೆರೆ, ಕಾಲುವೆ, ಹಳ್ಳಿ, ಬಾಗಿಲುಗಳನ್ನು ಕಾರ್ಲಾ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್ ಅವರ ತಂಡ ಹೊಲ ಹೊಲ ನಡೆದು ದಾಖಲಿಸಿತು. ಹಂಪಿಯ ದಾರಿಗಳ ಬಗ್ಗೆ ಇಂದು ಖಚಿತವಾಗಿ ತಿಳಿದಿರುವ ಎಷ್ಟೋ ಸಂಗತಿ ಹೀಗೆ ನಡೆದೇ ಸಿಕ್ಕಿದ್ದು.

ಪಾಯೆಸ್ ಬಹಳ ಮೆಚ್ಚಿದ ಒಂದು ದಾರಿಯಿದೆ. ರಾಜಧಾನಿಯಿಂದ ರಾಯ ಕಟ್ಟಿಸುತ್ತಿದ್ದ ಹೊಸ ಊರಿಗೆ, ಅಂದರೆ ಇಂದಿನ ಹೊಸಪೇಟೆಯಾದ ನಾಗಲಾಪುರಕ್ಕೆ ಹೋಗುವ ಅಗಲ ರಸ್ತೆ. ಅದರ ಎರಡೂ ಬದಿಗೆ ಮನೆ, ಅಂಗಡಿಗಳ ಸಾಲು. ಹೋಗುವವರಿಗೆ ನೆರಳಾಗಲೆಂದು ಅರಸನೇ ನೆಡಿಸಿದ ಮರಗಳು. ಅದೇ ದಿಕ್ಕಿನಲ್ಲಿ 1524ರಲ್ಲಿ ಅನಂತಶಯನಗುಡಿ ಎದ್ದಿತು. ಇಂದು ಹೊಸಪೇಟೆಯಿಂದ ಹಂಪಿಗೆ ಹೊರಟವರು ಅನಂತಶಯನಗುಡಿ, ಕಡ್ಡಿರಾಂಪುರ ದಾಟುವಾಗ ಹೆಚ್ಚುಕಡಿಮೆ ಆ ಹಳೆಯ ಜಾಡಿನಲ್ಲೇ ಇರುತ್ತಾರೆ. ನಡೆಯುವವರ ನೆರಳನ್ನು ರಸ್ತೆಯ ಭಾಗವೆಂದೇ ಎಣಿಸಿದ ಆ ಯೋಜನೆ ಇಂದಿನ ಯಾವ ಇಂಜಿನಿಯರಿಗೂ ಮಾದರಿ.

1565ರ ಯುದ್ಧದಲ್ಲಿ ವಿಜಯನಗರ ಸೋತ ನಂತರ ಪೇಟೆ ಖಾಲಿಯಾಯಿತು. ದಾರಿಗಳು ಮಾತ್ರ ಪೂರ್ತಿ ಅಳಿಯಲಿಲ್ಲ. ಕುರಿ ಕಾಯುವವರು, ಗದ್ದೆಗೆ ಹೋಗುವವರು, ವಿರೂಪಾಕ್ಷನ ತೇರಿಗೆ ಬರುವವರು ಅವನ್ನು ತುಳಿಯುತ್ತಲೇ ಇದ್ದರು. 1799ರಲ್ಲಿ ಸರ್ವೇಯರ್ ಕಾಲಿನ್ ಮೆಕೆಂಜಿ ಇಲ್ಲಿಗೆ ಬಂದು ನಕ್ಷೆ ಮಾಡಿಸಿದ. 1917ರಲ್ಲಿ ಪುರಾತತ್ವಜ್ಞ ಲಾಂಗ್‌ಹರ್ಸ್ಟ್ ಹಂಪಿಯ ಅವಶೇಷಗಳ ಕೈಪಿಡಿ ಪ್ರಕಟಿಸಿದ. ವಿರೂಪಾಕ್ಷ ಬಜಾರಿನಿಂದ ಚಕ್ರತೀರ್ಥ, ಕೋದಂಡರಾಮನ ಗುಡಿ, ಸುಗ್ರೀವನ ಗವಿ ಹಾದು ವಿಠ್ಠಲಕ್ಕೆ ಹೋಗುವ ಹೊಳೆದಂಡೆಯ ದಾರಿ ಇವತ್ತಿಗೂ ಕಾಲಿನದೇ.

ಹೊಳೆ ದಾಟುವುದು ಇನ್ನೊಂದು ಕಥೆ. ವಿಠ್ಠಲ ದೇವಸ್ಥಾನದ ಹತ್ತಿರ, ಪುರಂದರ ಮಂಟಪದ ಆಸುಪಾಸಿನಲ್ಲಿ ಹಳೆಯ ಸೇತುವೆಯ ಕಲ್ಲುಕಂಬಗಳು ನೀರಲ್ಲಿ ನಿಂತಿವೆ. ಆಚೆ ದಡದ ಆನೆಗೊಂದಿಗೆ ದಾಟಿಸುತ್ತಿದ್ದ ಹರಿಗೋಲುಗಳನ್ನು ಪಾಯೆಸ್ ಕೂಡ ಕಂಡಿದ್ದ: ಬುಟ್ಟಿಯಂತೆ ದುಂಡಗೆ ಹೆಣೆದು, ಹೊರಗೆ ತೊಗಲು ಹೊದಿಸಿ, ಹದಿನೈದಿಪ್ಪತ್ತು ಜನರನ್ನು ಕೂರಿಸಿಕೊಳ್ಳುವಂಥವು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಆಚೆಯವರು ಆಚೆ, ಈಚೆಯವರು ಈಚೆ. ಆನೆಗೊಂದಿಯವರಿಗೆ ಸೇತುವೆ ಬೇಕೆಂಬುದು ನ್ಯಾಯವಾದ ಬೇಡಿಕೆಯೇ ಆಗಿತ್ತು.

1990ರ ದಶಕದಲ್ಲಿ ಎರಡು ಸೇತುವೆಗಳ ಕೆಲಸ ಶುರುವಾಯಿತು: ವಿರೂಪಾಪುರಗಡ್ಡೆಗೆ ಕಾಲುಸೇತುವೆ, ತಳವಾರಘಟ್ಟದಿಂದ ಆನೆಗೊಂದಿಗೆ ವಾಹನ ಹೋಗುವ ದೊಡ್ಡ ಸೇತುವೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿ ಇವುಗಳಿಂದಾಗಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬಿತ್ತು. ಭಾರಿ ವಾಹನಗಳು ಸ್ಮಾರಕಗಳ ನಡುವೆ ನುಗ್ಗುತ್ತವೆ ಎಂಬುದು ಯುನೆಸ್ಕೊದ ದೊಡ್ಡ ಆತಂಕ. ಕಾಮಗಾರಿ ವರ್ಷಗಟ್ಟಲೆ ನಿಂತಿತು. ಇದರ ನಡುವೆಯೇ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆಂದು 2002ರ ಕಾಯ್ದೆ ಬಂತು, 2006ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಯಿಂದ ತೆಗೆದರು. ಮತ್ತೆ ಕೆಲಸ ಶುರುವಾಗಿದ್ದ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿ ಕಾರ್ಮಿಕರ ಜೀವ ತೆಗೆದುಕೊಂಡಿತು. ವಾಹನದ ಸೇತುವೆ ಆಮೇಲೆ ಕೆಳಗಡೆ, ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ ಆಯಿತು. ಭಾರಿ ಸಂಚಾರವನ್ನು ನಗರದ ಹೃದಯದಿಂದ ದೂರಕ್ಕೆ ಹಾಕಿ, ಒಳಗನ್ನು ಕಾಲಿಗೆ ಬಿಡಬೇಕೆಂಬ ತಿಳಿವಳಿಕೆಗೆ ಇಷ್ಟು ಬೆಲೆ ತೆರಬೇಕಾಗಿರಲಿಲ್ಲ.

ಹೊಸಪೇಟೆಯ ಆಚೆ, ಗಣಿಗಳಿರುವ ಸಂಡೂರಿನ ಕಡೆ ನಡಿಗೆಗೆ ಬಂದ ಕುತ್ತು ಬೇರೆ. 2000ದ ನಂತರದ ಅದಿರಿನ ಭರಾಟೆಯಲ್ಲಿ ಹೊಸಪೇಟೆ–ಸಂಡೂರು ರಸ್ತೆ ಲಾರಿಗಳ ಸಾಲಾಯಿತು. ದಾರಿಬದಿಯ ಮರ, ಮನೆ, ಬಟ್ಟೆ ಎಲ್ಲಕ್ಕೂ ಕೆಂಧೂಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಆ ರಸ್ತೆಯಲ್ಲಿ ನಡೆಯುವವರು ಉಸಿರಾಡಿದರು. ಕುಮಾರಸ್ವಾಮಿ ಬೆಟ್ಟಕ್ಕೆ ಹೋಗುವ ಭಕ್ತರಿಗೆ ಲಾರಿಯಿಂದ ಬೇರೆಯಾದ ಒಂದು ನಡಿಗೆಯ ಪಟ್ಟಿ ಆಗಲೇ ಆಗಬೇಕಿತ್ತು.

ಸೈಕಲ್ ಈ ಸೀಮೆಗೆ ಹೊಸದಲ್ಲ. ಹಂಪಿ, ಕಮಲಾಪುರಗಳಲ್ಲಿ ಬಾಡಿಗೆ ಸೈಕಲ್ ಹಿಡಿದು ಸ್ಮಾರಕ ಸುತ್ತುವುದು ಪ್ರವಾಸಿಗರಿಗೆ ಹಳೆಯ ರೂಢಿ. ಆದರೆ ಸೈಕಲ್ಲಿನ ದೊಡ್ಡ ಬಳಕೆದಾರರು ಪ್ರವಾಸಿಗರಲ್ಲ. 2006–07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ ಮೇಲೆ, ಹಳ್ಳಿಯ ಹುಡುಗಿಯರು ಗುಂಪು ಕಟ್ಟಿಕೊಂಡು ಹೈಸ್ಕೂಲಿಗೆ ಹೋಗುವುದು ನಾಡಿನ ಎಲ್ಲ ಕಡೆ ಕಂಡ ನೋಟವಾಯಿತು. ಕಂಪ್ಲಿ ತಾಲ್ಲೂಕಿನ ಮೆಟ್ರಿ, ದೇವಲಾಪುರ, ರಾಮಸಾಗರದಂಥ ಊರುಗಳಿಗೆ ಸೈಕಲ್ ದಾರಿ ಎಂದರೆ ಮೊದಲು ಶಾಲೆ, ಸಂತೆ, ಹೊಲದ ದಾರಿ. ಭತ್ತ ತುಂಬಿದ ಟ್ರ್ಯಾಕ್ಟರ್, ವೇಗದ ಬೈಕುಗಳ ಜೊತೆ ಅದೇ ಡಾಂಬರನ್ನು ಮಕ್ಕಳೂ ಹಂಚಿಕೊಳ್ಳಬೇಕಾಗಿದೆ. ಸರ್ಕಾರ ಸೈಕಲ್ ಕೊಟ್ಟಿತು. ಸೈಕಲ್ಲಿಗೆ ದಾರಿ ಕೊಡುವುದು ಉಳಿಯಿತು.

ಆ ದಾರಿ ಎಲ್ಲಿಂದ ಬರಬೇಕು? ಕಾಲುವೆಯ ಏರಿಗಳಿಂದ ಶುರು ಮಾಡಬಹುದು. ವಿಜಯನಗರದವರು ತೋಡಿದ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳು ಇಂದಿಗೂ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿವೆ. ಕಾಲುವೆಗೆ ಏರುಪೇರು ಆಗದು, ಆದ್ದರಿಂದ ಅದರ ಏರಿ ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ. ರೈತರು ಹೇಗೂ ಅದರ ಮೇಲೆ ಓಡಾಡುತ್ತಾರೆ. ಮುರಿದ ಏರಿ ಕಟ್ಟಿ, ತೂಬಿನ ಬಳಿ ದಾಟಲು ಹಲಗೆಗಲ್ಲು ಹಾಕಿ, ಅಲ್ಲಲ್ಲಿ ಹೊಂಗೆ, ಬೇವು ನೆಟ್ಟರೆ ಹೊಸಪೇಟೆಯಿಂದ ಹಂಪಿಯವರೆಗೆ ಹೆದ್ದಾರಿ ಮುಟ್ಟದ ಜಾಡು ಕೂಡಿಸಬಹುದು. ಹಳೆಯ ಕಲ್ಲುಹಾಸಿನ ಮೇಲೆ ಮಾತ್ರ ಸಿಮೆಂಟ್ ಸುರಿಯಬಾರದು.

ಜಪಾನಿನ ಕಿಯಿ ಬೆಟ್ಟಗಳ ಯಾತ್ರಾದಾರಿಗಳು 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಗುಡಿಗಳ ಜೊತೆ ನಡಿಗೆಯ ದಾರಿಗೂ ಆ ಮಾನ ಸಿಕ್ಕಿತು. ಹಂಪಿಯಲ್ಲೂ ಅದರ ಮೊದಲ ಹೆಜ್ಜೆ ಆಗಿದೆ: ವಿಠ್ಠಲ ದೇವಸ್ಥಾನದ ಕೊನೆಯ ಕಿಲೋಮೀಟರಿನಲ್ಲಿ ಪ್ರವಾಸಿ ವಾಹನಕ್ಕೆ ತಡೆಯಿದೆ; ಮಹಿಳೆಯರು ನಡೆಸುವ ಬ್ಯಾಟರಿ ಗಾಡಿಗಳು ಹೋಗುತ್ತವೆ, ಬೇಕಾದವರು ಕುದುರೆಗೊಂಬೆ ಮಂಟಪ ನೋಡುತ್ತ ನಡೆಯುತ್ತಾರೆ. ಅದೇ ಏರ್ಪಾಟನ್ನು ತಳವಾರಘಟ್ಟದ ಬಾಗಿಲಿಗೆ ವಿಸ್ತರಿಸಲು ಹೊಸ ಕಾನೂನು ಬೇಕಿಲ್ಲ, ಪ್ರಾಧಿಕಾರ ಮತ್ತು ಊರಿನವರು ಒಂದು ಕಡೆ ಕೂತು ಮಾತಾಡಬೇಕು. ಅದರ ಜೊತೆಗೆ ಕಂಪ್ಲಿ ಕಡೆಯ ಹಳ್ಳಿಗಳಿಂದ ಹೈಸ್ಕೂಲಿರುವ ಊರಿನವರೆಗೆ ರಸ್ತೆಯ ಪಕ್ಕ ಒಂದು ಸೈಕಲ್ ಪಟ್ಟಿ ಹಾಕುವ ಕೆಲಸವನ್ನೂ ಎತ್ತಿಕೊಂಡರೆ, ಪ್ರವಾಸಿಗನ ದಾರಿ ಮತ್ತು ಶಾಲೆಯ ಮಕ್ಕಳ ದಾರಿ ಒಂದೇ ನಕ್ಷೆಯೊಳಗೆ ಬರುತ್ತವೆ.