ಬರ್ಮಾದ ಮಿಂಡಾನ್ ದೊರೆ ಮತ್ತು ಶಿಲಾ ತ್ರಿಪಿಟಕ

1852ರ ಎರಡನೆಯ ಆಂಗ್ಲ-ಬರ್ಮಾ ಯುದ್ಧದಲ್ಲಿ ರಂಗೂನು ಸಹಿತ ಕೆಳ ಬರ್ಮಾ ಬ್ರಿಟಿಷರ ವಶವಾಯಿತು. ಮರುವರ್ಷ ಮಲಸಹೋದರ ಪಗಾನನನ್ನು ಪದಚ್ಯುತಗೊಳಿಸಿ ಸಿಂಹಾಸನವೇರಿದ ಮಿಂಡಾನ್, ಸೋತ ದೊರೆಯನ್ನು ಕೊಲ್ಲಿಸಲಿಲ್ಲ. ಕಳೆದ ನಾಡಿಗಾಗಿ ಮತ್ತೆ ಯುದ್ಧ ಹೂಡಲಿಲ್ಲ. ಆದರೆ ಆ ನಾಡನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಕೊನೆಯವರೆಗೂ ಸಹಿ ಹಾಕಲಿಲ್ಲ. ಈ ನಿರಾಕರಣೆಯಲ್ಲೇ ಅವನ ರಾಜನೀತಿಯ ತಿರುಳಿದೆ.

1857ರಲ್ಲಿ ಅವನು ಮಂಡಾಲೆ ನಗರವನ್ನು ಸ್ಥಾಪಿಸಿದನು. ಅಲ್ಲಿನ ಕುಥೋಡಾ ಪಗೋಡದ ಆವರಣದಲ್ಲಿ 729 ಅಮೃತಶಿಲೆಯ ಫಲಕಗಳ ಮೇಲೆ ಪಾಲಿ ತ್ರಿಪಿಟಕವನ್ನು ಕೆತ್ತಿಸಿದನು. 1871ರಲ್ಲಿ ಐದನೆಯ ಬೌದ್ಧ ಸಂಗೀತಿಯನ್ನು ನೆರವೇರಿಸಿದನು. ಅದೇ ವರ್ಷ ಬ್ರಿಟಿಷರ ಹಿಡಿತದಲ್ಲಿದ್ದ ರಂಗೂನಿನ ಶ್ವೇಡಗೋನ್ ಪಗೋಡಕ್ಕೆ ರತ್ನಖಚಿತ ಛತ್ರವನ್ನು ಕಳುಹಿಸಿದನು. ನೆಲ ಕೈತಪ್ಪಿದರೂ ಧರ್ಮದ ಪೋಷಕನು ತಾನೇ ಎಂಬುದು ಅದರ ಇಂಗಿತ.

ಬ್ರಿಟಿಷರ ಒತ್ತಡವನ್ನು ತಗ್ಗಿಸಲು 1872ರಲ್ಲಿ ಕಿನ್ವುನ್ ಮಿಂಜಿಯ ನೇತೃತ್ವದ ನಿಯೋಗವನ್ನು ಯೂರೋಪಿಗೆ ಕಳುಹಿಸಿ ಫ್ರಾನ್ಸಿನ ಸ್ನೇಹವನ್ನು ಅರಸಿದನು. ಅವನ ಮಗ ಥೀಬಾನ ಕಾಲದಲ್ಲಿ ಆ ಸ್ನೇಹವೇ ಬ್ರಿಟಿಷರ ಶಂಕೆಯನ್ನು ಕೆರಳಿಸಿತು. 1885ರಲ್ಲಿ ಮಂಡಾಲೆ ಬಿದ್ದಿತು, ಥೀಬಾ ರತ್ನಾಗಿರಿಗೆ ಗಡೀಪಾರಾದನು.

ಶಾಂತಿಯು ರಾಜ್ಯವನ್ನು ಉಳಿಸಲಿಲ್ಲವೆನ್ನುವವರು, ಅದಕ್ಕೆ ಮುಂಚಿನ ಎರಡು ಯುದ್ಧಗಳೇ ಬರ್ಮಾದ ಕರಾವಳಿಯನ್ನು ಕಳೆದವೆಂಬುದನ್ನು ಮರೆಯಬಾರದು. ಮಿಂಡಾನನ 25 ವರ್ಷಗಳಲ್ಲಿ ಬ್ರಿಟಿಷರೊಡನೆ ಯುದ್ಧವಾಗಲಿಲ್ಲ. ಫಲಕಗಳ ಅಕ್ಷರಗಳಿಗೆ ತುಂಬಿದ್ದ ಚಿನ್ನ ಮುಂದೆ ಲೂಟಿಯಾಯಿತು. ಅಕ್ಷರಗಳು ಇಂದಿಗೂ ಉಳಿದಿವೆ.