ಆಕಾಶವಾಣಿಯೆಂಬ ಹೆಸರೂ ಊರಿನ ದನಿಯೂ

ನಮ್ಮ ಮಹದೇವಪುರದ ನೆರೆಯ ಬಡಾವಣೆಗೆ ದೂರವಾಣಿನಗರವೆಂದು ಹೆಸರು. 1948ರಲ್ಲಿ ಸ್ಥಾಪಿತವಾದ ಟೆಲಿಫೋನು ಕಾರ್ಖಾನೆಯಿಂದ ಅದಕ್ಕೆ ಆ ನಾಮಧೇಯವು ಬಂದಿತು. ಆ ಶಬ್ದಕ್ಕೆ ಅಕ್ಕನಂತಿರುವ ಆಕಾಶವಾಣಿಯೂ ರೇಡಿಯೋ ನಿಲಯದ ಹೆಸರಾದದ್ದು ಕನ್ನಡನಾಡಿನಲ್ಲಿಯೇ ಎಂಬುದು ವಾಚಕರಲ್ಲಿ ಅನೇಕರಿಗೆ ವಿದಿತವೇ ಸರಿ. ಆದರೆ ಆ ಹೆಸರು ತೌರಿನಿಂದ ದೆಹಲಿಗೆ ಹೋದ ಬಗೆಯು ಇನ್ನೊಮ್ಮೆ ಹೇಳತಕ್ಕದ್ದಾಗಿದೆ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಗಳು 1935ನೆಯ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಪ್ರಸಾರವನ್ನಾರಂಭಿಸಿದರು. ಯಂತ್ರದ ಶಕ್ತಿ 30 ವ್ಯಾಟು. ಒಂದು ವಿದ್ಯುದ್ದೀಪಕ್ಕೆ ಸಾಲುವಷ್ಟು! ಆರಂಭದಲ್ಲಿ ಕುವೆಂಪು ಅವರು ಕವಿತಾವಾಚನ ಮಾಡಿದರೆಂದು ಹೇಳುವರು. ವೆಚ್ಚದ ಬಹುಭಾಗವು ಪ್ರಾಧ್ಯಾಪಕರ ಸ್ವಂತ ಕೈಯಿಂದಲೇ. ಆಕಾಶವಾಣಿಯೆಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂಬುದು ಪ್ರಸಿದ್ಧವಾಗಿದೆ. ಪುರಾಣಗಳಲ್ಲಿ ಗಗನದಿಂದ ಕೇಳಿಬರುವ ಅಶರೀರವಾಣಿಗೆ ಯಾರೂ ಮರುಮಾತಾಡುವಂತಿಲ್ಲ. ಕಂಸನಿಗೂ ಆ ಅನುಕೂಲವಿರಲಿಲ್ಲ. ಮೈಸೂರಿನ ವಾಣಿಯಾದರೋ ಶರೀರವುಳ್ಳದ್ದು. ಸಂಜೆ ಕೇಳಿದ ದನಿಯವರನ್ನು ಮರುದಿನ ಬೀದಿಯಲ್ಲಿ ಕಂಡು ಮೆಚ್ಚಬಹುದಾಗಿತ್ತು, ಆಕ್ಷೇಪಿಸಲೂಬಹುದಾಗಿತ್ತು.

1942ರಲ್ಲಿ ಸಂಸ್ಥಾನವೂ 1950ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರವೂ ಆ ನಿಲಯವನ್ನು ವಹಿಸಿಕೊಂಡವು. 1955ರ ನವೆಂಬರ್ 2ರಂದು ಬೆಂಗಳೂರಿನ ನಿಲಯವು ಆರಂಭವಾಯಿತು. ಮೈಸೂರಿನ ಪ್ರಸಾರವು ಇಲ್ಲಿಗೆ ಸಾಗಿಬಂದಿತು. ಮೈಸೂರಿಗೆ ಮತ್ತೆ ತನ್ನದೇ ನಿಲಯವು ದೊರೆತದ್ದು 1974ರಲ್ಲಿ. ಅಷ್ಟರೊಳಗೆ, 1950ರ ದಶಕದ ಉತ್ತರಾರ್ಧದಲ್ಲಿ, ಆ ಹೆಸರು ಭಾರತಕ್ಕೆಲ್ಲ ಸಲ್ಲುವುದಾಯಿತು.

ದೆಹಲಿಯ ಮರುಪ್ರಸಾರವನ್ನು ನಾನು ಜರೆಯಲಾರೆ. 1952ರಿಂದ ನಡೆದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದಿಂದ ಹಿಂದೂಸ್ತಾನಿಯ ಖ್ಯಾಲು ಇಲ್ಲಿಗೂ ನಮ್ಮ ರಾಗಾಲಾಪನೆ ಉತ್ತರಕ್ಕೂ ತಲಪಿದವು. 1974ರಲ್ಲಿ ಆರಂಭವಾದ ಸಂಸ್ಕೃತ ವಾರ್ತೆಯನ್ನು ಪಾಠಶಾಲೆಯಲ್ಲಿ ಓದಿದವನು ಹೇಗೆ ತಾನೇ ಮರೆತಾನು? ಆದರೆ ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆಗಳು. ಹೊರಗಿನ ಕಾರ್ಯಕ್ರಮಕ್ಕೆ ಒಪ್ಪಿಸಿದ ಗಂಟೆಯು ಊರಿನ ಗಮಕಿಗೂ ರಾಗಿ ಬೆಳೆಯುವವನಿಗೂ ಇಲ್ಲವಾಗುವುದು. 1957ರ ವಿವಿಧ ಭಾರತಿಯು ಚಲನಚಿತ್ರಗೀತೆಗಳಿಂದ ಮನೆಮನೆಯನ್ನೂ ಗೆದ್ದಿತು; ಕೇಳುವವರು ಹೆಚ್ಚಿದರು, ಊರಿನಿಂದ ಮಾತಾಡುವವರು ಹೆಚ್ಚಲಿಲ್ಲ.

ಇದರ ಪರಿಣಾಮವನ್ನು ಕಾಣಲು ನಮ್ಮಿಂದ ಪೂರ್ವಕ್ಕೆ, ಕೋಲಾರದ ಸೀಮೆಗೆ ಹೋಗಬೇಕು. ಹೈದರಾಲಿಯ ಜನ್ಮಸ್ಥಳವೆನ್ನುವ ಬೂದಿಕೋಟೆಯಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ‘ನಮ್ಮ ಧ್ವನಿ’ ಎಂಬ ಕೇಂದ್ರವನ್ನು ಗ್ರಾಮಸ್ಥರು ನಡೆಯಿಸಿದರು. ಸ್ವಸಹಾಯ ಸಂಘಗಳ ಹೆಂಗಸರು ಅದರಲ್ಲಿ ಮುಂದಾಗಿದ್ದರು. ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪಿತ್ತಿದ್ದರೂ, ಗ್ರಾಮಸಮುದಾಯಗಳಿಗೆ ಪ್ರಸಾರದ ಪರವಾನಗಿ ಇನ್ನೂ ದೊರೆಯುತ್ತಿರಲಿಲ್ಲ. ಆದುದರಿಂದ ಆ ಜನರು ತಮ್ಮ ದನಿಯನ್ನು ಆಕಾಶದ ಬದಲು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಮುಟ್ಟಿಸಬೇಕಾಯಿತು. 1935ರಲ್ಲಿ ಒಬ್ಬ ಪ್ರಾಧ್ಯಾಪಕನಿಗೆ ಸಾಧ್ಯವಾದದ್ದು ಅರವತ್ತೈದು ವರ್ಷಗಳ ತರುವಾಯ ಒಂದು ಊರಿಗೇ ಅಸಾಧ್ಯವಾಗಿತ್ತು! ಸರ್ಕಾರೇತರ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ.

2023ರ ಮೇ ತಿಂಗಳಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬುದನ್ನು ಬಿಟ್ಟು ಆಕಾಶವಾಣಿಯೆಂದೇ ಹೇಳಬೇಕೆಂದು ದೆಹಲಿಯಿಂದ ಆಜ್ಞೆಯಾಯಿತು. ತಮಿಳುನಾಡಿನ ಕೆಲವು ನಾಯಕರು ಅದನ್ನು ಹಿಂದಿಯ ಹೇರಿಕೆಯೆಂದು ಪ್ರತಿಭಟಿಸಿದರು. ಒಂಟಿಕೊಪ್ಪಲಿನ ಒಂದು ಮನೆಯ ಹೆಸರು ಅವರ ಕಿವಿಗೆ ದೆಹಲಿಯ ದನಿಯಾಗಿ ಕೇಳಿಸಿತು.