ಮಧುಮೇಹ ಮತ್ತು ಕಣ್ಣಿನ ತೊಂದರೆಗಳು: ಅಪಾಯದ ಅಂಶಗಳು, ರಕ್ಷಣೆಯ ಅಂಶಗಳು

ಮಧುಮೇಹದಿಂದ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳು ಹಾನಿಗೊಂಡು, ಸೋರುವ ಅಥವಾ ಮುಚ್ಚಿಹೋಗುವ ಸ್ಥಿತಿಯನ್ನು ಡಯಾಬಿಟಿಕ್ ರೆಟಿನೋಪತಿ ಎಂದು ಕರೆಯಲಾಗುತ್ತದೆ. ಆರಂಭದ ಹಂತದಲ್ಲಿ ನೋವಿರುವುದಿಲ್ಲ, ದೃಷ್ಟಿಯೂ ಕುಂದುವುದಿಲ್ಲ. ಆದುದರಿಂದ ಕಣ್ಣು ಸ್ಪಷ್ಟವಾಗಿ ಕಾಣುತ್ತಿದೆ ಎಂಬುದು ಅಕ್ಷಿಪಟಲ ಆರೋಗ್ಯವಾಗಿದೆ ಎಂಬುದಕ್ಕೆ ಆಧಾರವಾಗದು. ಲೇಸರ್ ಚಿಕಿತ್ಸೆ ಹಾಗೂ ಕಣ್ಣಿನೊಳಗೆ ನೀಡುವ ಚುಚ್ಚುಮದ್ದು ಉಳಿದಿರುವ ದೃಷ್ಟಿಯನ್ನು ಕಾಪಾಡುತ್ತವೆ. ಪೂರ್ಣ ನಷ್ಟವಾದುದನ್ನು ಮರಳಿಸಲಾರವು.

ಅಪಾಯ ಹೆಚ್ಚಿಸುವ ಅಂಶಗಳು

ಕಾಯಿಲೆ ಎಷ್ಟು ವರ್ಷಗಳಿಂದ ಇದೆ ಎಂಬುದು ಪ್ರಮುಖ ಅಂಶ. ಇದನ್ನು ಬದಲಿಸಲಾಗದು. ಹತೋಟಿಯಲ್ಲಿಲ್ಲದ ಸಕ್ಕರೆ, ಅಧಿಕ ರಕ್ತದೊತ್ತಡ, ಮೂತ್ರಪಿಂಡದ ಕಾಯಿಲೆ, ರಕ್ತದಲ್ಲಿ ಹೆಚ್ಚಿದ ಕೊಬ್ಬು ಇವು ಅಪಾಯವನ್ನು ಹೆಚ್ಚಿಸುತ್ತವೆ. ಮೊದಲೇ ಮಧುಮೇಹವಿರುವ ಮಹಿಳೆಯರಲ್ಲಿ ಗರ್ಭಾವಸ್ಥೆಯಲ್ಲಿ ಈ ತೊಂದರೆ ಬೇಗನೆ ಉಲ್ಬಣಿಸಬಹುದಾದ್ದರಿಂದ ಮೊದಲ ಮೂರು ತಿಂಗಳೊಳಗೆ ಕಣ್ಣಿನ ಪರೀಕ್ಷೆ ಅವಶ್ಯ.

ರಕ್ಷಣೆಯ ಅಂಶಗಳು

ಒಂದನೇ ಬಗೆಯ ಮಧುಮೇಹಿಗಳ ಕುರಿತು ಅಮೆರಿಕದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಕರೆಯ ಬಿಗಿ ಹತೋಟಿಯಿಂದ ಹೊಸದಾಗಿ ರೆಟಿನೋಪತಿ ಬರುವ ಅಪಾಯ ಶೇ. 76ರಷ್ಟು ತಗ್ಗಿತು. ಎರಡನೇ ಬಗೆಯವರ ಕುರಿತು ಬ್ರಿಟನ್ನಿನಲ್ಲಿ ನಡೆದ ಅಧ್ಯಯನದ 1998ರ ವರದಿಯಂತೆ, ರಕ್ತದೊತ್ತಡದ ಹತೋಟಿಯೊಂದರಿಂದಲೇ ರೆಟಿನೋಪತಿ ಮುಂದುವರಿಯುವ ಅಪಾಯ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು. ಸಕ್ಕರೆಯ ಮಾತ್ರೆ ನುಂಗಿ ರಕ್ತದೊತ್ತಡದ ಮಾತ್ರೆ ಬಿಡುವುದು ಕಣ್ಣಿನ ಮಟ್ಟಿಗೆ ಅರ್ಧ ಚಿಕಿತ್ಸೆಯೇ ಸರಿ. ಬಹುಕಾಲ ಏರಿದ್ದ ಸಕ್ಕರೆಯನ್ನು ಥಟ್ಟನೆ ಇಳಿಸಿದಾಗ, ಮೊದಲೇ ಇರುವ ತೊಂದರೆ ತಾತ್ಕಾಲಿಕವಾಗಿ ಹೆಚ್ಚಬಹುದು. ಚಿಕಿತ್ಸೆ ಬದಲಿಸುವ ಮುನ್ನ ಕಣ್ಣು ತೋರಿಸುವುದು ಸೂಕ್ತ.

ಪರೀಕ್ಷೆ ಪಡೆಯುವ ವಿಧಾನ

ಎರಡನೇ ಬಗೆಯ ಮಧುಮೇಹಿಗಳು ಕಾಯಿಲೆ ಪತ್ತೆಯಾದ ಕೂಡಲೇ, ಒಂದನೇ ಬಗೆಯವರು ಐದು ವರ್ಷಗಳೊಳಗೆ, ನಂತರ ವೈದ್ಯರ ಸಲಹೆಯಂತೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಕ್ಷಿಪಟಲ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಕನ್ನಡಕದ ನಂಬರ್ ನೋಡುವುದು ಈ ಪರೀಕ್ಷೆಯಲ್ಲ. ಮುಂಡಗೋಡ ತಾಲ್ಲೂಕಿನ ಮಳಗಿ ಹಾಗೂ ಸುತ್ತಲಿನ ಗ್ರಾಮಸ್ಥರು ಸಕ್ಕರೆ ಮತ್ತು ರಕ್ತದೊತ್ತಡ ತಪಾಸಣೆಗೆ ಮಳಗಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಹೆಚ್ಚಿನ ಪರೀಕ್ಷೆಗೆ ಮುಂಡಗೋಡದ ತಾಲ್ಲೂಕು ಆಸ್ಪತ್ರೆ ಅಥವಾ ಕಿಮ್ಸ್ ಎಂದೇ ಪರಿಚಿತವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಗೆ ಶಿಫಾರಸು ಪತ್ರ ಪಡೆಯಬೇಕು. ಆಧಾರ್, ಪಡಿತರ ಚೀಟಿ ಹಾಗೂ ಹಳೆಯ ವರದಿಗಳನ್ನು ಜೊತೆಗೆ ತರುವುದು.

ಪಾಪೆ ಹಿಗ್ಗಿಸುವ ಹನಿ ಹಾಕಿದ ನಂತರ ಕೆಲವು ಗಂಟೆ ದೃಷ್ಟಿ ಮಸುಕಾಗಿರುತ್ತದೆ. ಆ ದಿನ ವಾಹನ ಚಲಾಯಿಸಬಾರದು; ಬಸ್ಸಿನಲ್ಲಿ ಮರಳುವವರು ಜೊತೆಗೊಬ್ಬರನ್ನು ಕರೆತರುವುದು ಒಳಿತು. ಕಣ್ಣೆದುರು ದಿಢೀರನೆ ಕಪ್ಪು ಚುಕ್ಕೆಗಳು ಅಥವಾ ಪರದೆ ಕವಿದಂತೆ ಕಂಡಲ್ಲಿ ವಾರ್ಷಿಕ ಪರೀಕ್ಷೆಯವರೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು.